ಕಿತ್ತಳೆ ಟೋಪಿ

ಕಿತ್ತಳೆ ಬಣ್ಣ ಎಲ್ಲೂ ಕಾಣಲಿಲ್ಲ.

ಆರ್ಡಿತ್ ಬಲಗಾಲನ್ನು ರಬ್ಬರ್ ಆನಿಕೆಗೆ ಒತ್ತಿ ಕುಕ್ಕರುಗಾಲಲ್ಲಿ ಕೂತಿದ್ದಳು. ಕೈಯಲ್ಲಿ ಕರ್ಲಿಂಗ್ ಆಟದ ಕೊನೆಯ ಕಲ್ಲು, ಹಿಡಿಕೆಯಿರುವ ದುಂಡನೆಯ ಗ್ರಾನೈಟು. ಎದುರಿಗೆ ನೂರಿಪ್ಪತ್ತು ಅಡಿ ಮಂಜುಗಡ್ಡೆ. ಅದರ ಆ ತುದಿಯಲ್ಲಿ, ಐಸಿನೊಳಗೆ ಬಣ್ಣದ ವೃತ್ತಗಳನ್ನು ಬರೆದಿರುವ ‘ಮನೆ’ಯಲ್ಲಿ, ನೆಟ್ಟಿ ಪೊರಕೆ ಊರಿಕೊಂಡು ನಿಂತಿರಲೇಬೇಕು. ಪೊರಕೆಯನ್ನು ನೋಡು, ಅದರ ಕಡೆಗೆ ಜಾರು, ಕಲ್ಲು ಬಿಡು. ಈ ಊರಿನಲ್ಲಿ ಆರು ವರ್ಷದ ಮಗುವಿಗೂ ಗೊತ್ತಿರುವ ಪಾಠ. ಆದರೆ ಹೋದ ಸೆಪ್ಟೆಂಬರಿನಿಂದ ಆರ್ಡಿತ್ ನೇರವಾಗಿ ನೋಡಿದ ಕಡೆಯಲ್ಲೆಲ್ಲ ಒಂದು ಬೂದು ಕಲೆ ಬಂದು ಕೂರುತ್ತಿತ್ತು, ಹಬೆ ಹಿಡಿದ ಕಿಟಕಿಯ ಮೇಲೆ ಯಾರೋ ಹೆಬ್ಬೆರಳು ಒತ್ತಿದ ಹಾಗೆ. ಕೋಳಿಯಂತೆ ಕತ್ತು ಓರೆ ಮಾಡಿದರೆ ಕಲೆ ಆಚೆ ಸರಿದು, ಅಂಚಿನಲ್ಲಿ ಒಂದಿಷ್ಟು ಲೋಕ ಉಳಿಯುತ್ತಿತ್ತು. ಅಷ್ಟು ದೂರದಲ್ಲಿ ಪೊರಕೆ ಆ ಅಂಚಿನಲ್ಲೂ ಸಿಗುತ್ತಿರಲಿಲ್ಲ. ಸಿಗುತ್ತಿದ್ದದ್ದು ನೆಟ್ಟಿಯ ತಲೆಯ ಮೇಲಿನ ಹಾಳು ಕಿತ್ತಳೆ ಟೋಪಿ, ಅವಳ ಗಂಡ ಜಿಂಕೆ ಬೇಟೆಗೆ ಹಾಕಿಕೊಂಡು ಹೋಗುತ್ತಿದ್ದದ್ದು.

ಅವಳು ಕತ್ತು ಓರೆ ಮಾಡಿದಳು. ಎಡಕ್ಕೆ, ನೆನೆಸಿದ್ದಕ್ಕಿಂತ ತುಸು ಆಚೆ, ಅಗೋ ಕಿತ್ತಳೆ. ಉಸಿರು ಹಗುರಾಯಿತು. ಅವಳು ಜಾರಿದಳು. ಅರವತ್ತಮೂರರ ಮಂಡಿ ಎಂದಿನಂತೆ ಒಮ್ಮೆ ಗೊಣಗಿತು. ಕೈ ಮಾತ್ರ ಹೂ ಬಿಡಿಸಿದಷ್ಟು ಮೆತ್ತಗೆ ಕಲ್ಲನ್ನು ಬಿಟ್ಟಿತು.

ಕಲ್ಲಿನ ಮುಂದೆ ಐಸ್ ಉಜ್ಜಿ ಅದನ್ನು ದೂರ ಓಡಿಸಲೆಂದು ಎರಡೂ ಬದಿ ಪೊರಕೆ ಹಿಡಿದು ಓಡಿದ ತಂಡದ ಹೇಝಲ್ ಮತ್ತು ಲೂ ಹತ್ತು ಹೆಜ್ಜೆಗೇ ನಿಂತುಬಿಟ್ಟರು. ಕಲ್ಲು ತನ್ನ ಪಾಡಿಗೆ ತಾನು ಎಡಕ್ಕೆ ಹೋಗಿ, ಎರಡು ಅಂಕಣಗಳ ನಡುವಿನ ಮರದ ಪಟ್ಟಿಗೆ ದಡಕ್ಕೆಂದು ಬಡಿದು ಮಲಗಿತು. ಪಟ್ಟಿಯಾಚೆ, ಪಕ್ಕದ ಅಂಕಣದ ಮನೆಯಲ್ಲಿ ನಿಂತಿದ್ದ ಬೇಟೆ ಅಂಗಿಯ ಗಂಡಸೊಬ್ಬ ತನ್ನ ಕಾಲ ಬಳಿ ಬಂದ ಕಲ್ಲನ್ನೂ, ಅದು ಬಂದ ದಿಕ್ಕನ್ನೂ ನೋಡಿದ. ಅವನ ಅಂಗಿ ಕಿತ್ತಳೆಯದು.

ಯಾರೂ ನಗಲಿಲ್ಲ. ಗಾಜಿನ ಹಿಂದೆ ಕಾಫಿ ಕುಡಿಯುತ್ತಿದ್ದ ಇಪ್ಪತ್ತು ಮೂವತ್ತು ಜನರಲ್ಲಿ ಒಬ್ಬರೂ ನಗಲಿಲ್ಲ. ಟಾರ್ನೋ ಊರಿನಲ್ಲಿ ಕಲ್ಲು ಹಾದಿ ತಪ್ಪಿದರೆ ವಾರಗಟ್ಟಲೆ ಆಡಿಕೊಳ್ಳುವ ಜನ ಅವರು.

ಒಂದು ಅಂಕ ಬಿಟ್ಟುಕೊಟ್ಟರೂ ಒಂದು ಅಂಕದಿಂದ ಗೆದ್ದರು. ಎದುರಾಳಿಗಳು ಬಂದು ಕೈ ಕುಲುಕಿ “ಒಳ್ಳೇ ಆಟ” ಎಂದರು, ನೆಲ ನೋಡುತ್ತಾ. ವರ್ಷದ ಕೊನೆಯ ಪಂದ್ಯಾವಳಿ. ಮಾರ್ಚ್ ಬಿಸಿಲಿಗೆ ಶೆಡ್ಡಿನ ತಗಡು ಟಿಕ್ ಟಿಕ್ ಎನ್ನುತ್ತಿತ್ತು. ಮೂರು ಗಂಟೆಗೆ ಫೈನಲ್.

ಬಟ್ಟೆ ಬದಲಿಸುವ ಕೋಣೆಯಲ್ಲಿ ಆರ್ಡಿತ್ ಬೆಂಚಿನ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತಿದ್ದಳು. ದಾರಕ್ಕೆ ಕಣ್ಣು ಬೇಕಿರಲಿಲ್ಲ. ನೆಟ್ಟಿ ಒಳಗೆ ಬಂದು ಬಾಗಿಲು ಮುಚ್ಚಿದಳು.

“ತಪ್ಪಾಯ್ತು ಕಣೆ” ಅಂದಳು. “ಬೆಳಿಗ್ಗೆ ಪತ್ರಿಕೆಯವನು ಫೋಟೋಗೆ ಟೋಪಿ ತೆಗೀರಿ ಅಂದ. ತೆಗೆದಿಟ್ಟೋಳು ಮರ್ತೇಬಿಟ್ಟೆ.”

ಆರ್ಡಿತಳ ಕೈ ದಾರದ ಮೇಲೆ ನಿಂತಿತು.

“ಟೋಪಿ ಮರೆತ್ರೆ ನನ್ ಹತ್ರ ಯಾಕೆ ತಪ್ಪಾಯ್ತು ಅಂತೀಯ?”

ನೆಟ್ಟಿ ತನ್ನ ಪೊರಕೆಯನ್ನು ಗೋಡೆಗೆ ಒರಗಿಸಿಟ್ಟಳು. ಗೋಡೆಯಾಚೆ ಯಾರೋ ಕಲ್ಲುಗಳನ್ನು ಸಾಲಾಗಿ ತಳ್ಳುತ್ತಿದ್ದ ಸದ್ದು ಕೇಳಿಸುತ್ತಿತ್ತು.

“ಆ ದರಿದ್ರ ಟೋಪಿ ಸತ್ ಜಿಂಕೆ ವಾಸನೆ ಹೊಡೆಯುತ್ತೆ, ಒಲೆಗೆ ಹಾಕು ಅಂತ ಚಳಿಗಾಲ ಪೂರ್ತಿ ಬೈದಿದೀನಿ ನಿನ್ನ.”

“ಬೈದಿದೀಯ.”

“ಆದ್ರೂ ಹಾಕ್ಕೊಂಡು ಬರ್ತಿದ್ದೆ.”

“ತಲೆ ಚಳಿ” ಎಂದಳು ನೆಟ್ಟಿ. ಸುಳ್ಳು ಹೇಳಲು ಬಾರದವಳು, ಕಿವಿ ಕೆಂಪಾಯಿತು.

“ಯಾವಾಗಿಂದ ಗೊತ್ತು ನಿಂಗೆ?”

“ನವೆಂಬರಿಂದ. ನನ್ನ ಪೊರಕೆ ಬಿಟ್ಟು ಹಿಂದಿನ ಕಂಬಕ್ಕೆ ಗುರಿಯಿಟ್ಟು ಎಸೆದ್ಯಲ್ಲ, ಅವತ್ತಿಂದ. ನೀನೇ ಹೇಳ್ತೀಯ ಅಂತ ಕಾದೆ ಮಾರಾಯ್ತಿ. ಸ್ಕಿಪ್‌ನ ಕೇಳೋಕಾಗುತ್ತಾ?”

ಕೇಳಲಾಗದು. ಹಾಗೆಂದು ಎಲ್ಲೂ ಬರೆದಿಲ್ಲ. ಆದರೂ ಯಾರೂ ಕೇಳುವುದಿಲ್ಲ. ಸ್ಕಿಪ್ ಎಂದರೆ ತಂಡದ ನಾಯಕಿ: ತಾನು ಎಸೆಯುವ ಹೊತ್ತು ಬಿಟ್ಟರೆ ಪೊರಕೆ ಊರುವವಳು ಸ್ಕಿಪ್, ಕೂಗಿ ಹೇಳುವವಳು ಸ್ಕಿಪ್, ಕೊನೆಯ ಎರಡು ಕಲ್ಲು ಸ್ಕಿಪ್‌ನವು. ಅವಳಾಗಿಯೇ ಬಿಟ್ಟುಕೊಡುವ ತನಕ ಉಳಿದ ಮೂವರು ಬಾಯಿ ಹೊಲಿದುಕೊಂಡು ಐಸ್ ಉಜ್ಜಬೇಕು.

“ಹೇಝಲ್‌ಗೆ? ಲೂಗೆ?”

“ಎಲ್ರಿಗೂ.”

“ಕೊರಿನ್‌ಗೂ?”

ಕೊರಿನ್ ಎಂದರೆ ಮೂರು ಗಂಟೆಗೆ ಎದುರಾಗುವ ತಂಡದ ಸ್ಕಿಪ್. ಇಪ್ಪತ್ತಾರರ ಹುಡುಗಿ. ಕಲ್ಲು ಹಿಡಿಯುವುದನ್ನು ಅವಳಿಗೆ ಕಲಿಸಿದವಳು ಆರ್ಡಿತಳೇ.

“ತನ್ನ ತಂಡದೋರಿಗೆ ಕಿತ್ತಳೆ ಬಣ್ಣದ್ದು ಏನೂ ಹಾಕ್ಬೇಡಿ ಅಂತ ಹೇಳಿದ್ದಾಳಂತೆ” ಎಂದಳು ನೆಟ್ಟಿ ಮೆಲ್ಲಗೆ.

“ಹೋದ ತಿಂಗಳು ಅವಳ ಮೇಲೆ ಗೆದ್ವಲ್ಲ ನಾವು.”

ನೆಟ್ಟಿ ತನ್ನ ಕೈಗವಸುಗಳನ್ನು ಒಂದರೊಳಗೊಂದು ತುರುಕಿ, ಮತ್ತೆ ಬಿಡಿಸಿ, ಮತ್ತೆ ತುರುಕಿದಳು. ಆರ್ಡಿತ್‌ಗೆ ಅದು ಕತ್ತು ಓರೆ ಮಾಡದೆಯೂ ಕಾಣಿಸಿತು.

ನೆಟ್ಟಿ ಹೋದ ಮೇಲೂ ಅವಳು ಅಲ್ಲೇ ಕೂತಿದ್ದಳು. ಎದುರು ಗೋಡೆಯ ಮೇಲೆ ಫೋಟೋಗಳಿದ್ದವು. ಅವೂ ಈಗ ಬೂದು ಕಲೆಗಳೇ. ಕಾಣಬೇಕಾಗಿರಲಿಲ್ಲ. ಮೂರನೆಯದು ಸಾವಿರದೊಂಬೈನೂರ ಅರವತ್ತೇಳರದು: ಅವಳೂ ಸೇರಿ ನಾಲ್ವರು ಹೆಂಗಸರು, ಮೊಣಕಾಲವರೆಗಿನ ಲಂಗ, ಕೈಯಲ್ಲಿ ಹುಲ್ಲಿನ ಉದ್ದ ಪೊರಕೆಗಳು, ನಡುವೆ ದೇಶದ ಚಾಂಪಿಯನ್ನರ ಕಪ್. ಎರಡು ಹಗಲು ರೈಲಿನಲ್ಲಿ ಹೋಗಿ ಗೆದ್ದು ಬಂದಿದ್ದರು. ನಿಲ್ದಾಣದಿಂದ ಊರ ತನಕ ಗೋಧಿ ಲಾರಿಯ ಮೇಲೆ ನಿಲ್ಲಿಸಿ ಮೆರವಣಿಗೆ ಮಾಡಿದ್ದರು. ಬೆಂಕಿಗೆ ಮಾತ್ರ ಕೂಗಿಸುವ ಸೈರನ್ನನ್ನು ಯಾರೋ ಕೂಗಿಸಿ, ಪಕ್ಕದ ಊರಿನವರು ನೀರಿನ ಬಕೆಟ್ ಹಿಡಿದು ಓಡಿ ಬಂದಿದ್ದರು. ಅವಳ ಸ್ವೆಟರಿನ ತೋಳಿನ ಮೇಲೆ ಪ್ರಾಂತ್ಯ ಗೆದ್ದವರಿಗೆ ಕೊಡುವ ಹೃದಯಾಕಾರದ ನೇರಳೆ ಬಟ್ಟೆಬಿಲ್ಲೆಗಳು ಮೂರು. ಮೂರನ್ನೂ ಹೊಲಿದವನು ಅವಳ ಗಂಡ ಮೆಟ್ರೊ, ಯಾಕೆಂದರೆ ಆರ್ಡಿತ್‌ಗೆ ಸೂಜಿಯ ಕೆಲಸ ಬರುತ್ತಿರಲಿಲ್ಲ.

ಮೆಟ್ರೊ ಈ ಶೆಡ್ಡಿನ ಐಸ್ ಮಾಡುತ್ತಿದ್ದವನು. ಬೆನ್ನಿಗೆ ನೀರಿನ ಡಬ್ಬ ಕಟ್ಟಿಕೊಂಡು, ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡುತ್ತಾ ಹನಿ ಚಿಮುಕಿಸುತ್ತಿದ್ದ. ಆ ಹನಿಗಳು ಹೆಪ್ಪುಗಟ್ಟಿ ಸಾಬಕ್ಕಿಯಂಥ ಹರಳುಗಳಾದರೆ ಮಾತ್ರ ಕಲ್ಲು ಓಡುವುದು, ಹಾಡುವುದು. “ನೋಡ್ಬೇಡ, ಕೇಳು” ಎನ್ನುತ್ತಿದ್ದ. “ಐಸ್ ಹೆಂಗಿದೆ ಅಂತ ಕಲ್ಲೇ ಹೇಳುತ್ತೆ.” ಆಗ ಅವಳು ನಗುತ್ತಿದ್ದಳು. ಕಣ್ಣಿದ್ದ ಕಾಲ ಅದು. ಅದಕ್ಕೂ ಹಿಂದೆ, ತಾನಿನ್ನೂ ಆರು ವರ್ಷದವಳಾಗಿದ್ದಾಗ, ಅಪ್ಪ ಜಾಮಿನ ಡಬ್ಬಗಳಿಗೆ ಸಿಮೆಂಟು ತುಂಬಿ, ಬಗ್ಗಿಸಿದ ಕಬ್ಬಿಣದ ಸರಳನ್ನು ಹಿಡಿಕೆಯಾಗಿ ನೆಟ್ಟು ಕೊಟ್ಟಿದ್ದ. ಜಾನುವಾರು ನೀರು ಕುಡಿಯುವ ಕೊಳ ಹೆಪ್ಪುಗಟ್ಟಿದಾಗ ಅದರ ಮೇಲೆ ಆ ಡಬ್ಬಗಳು ಗರಗರ ಎನ್ನುತ್ತಾ ಹೋಗುತ್ತಿದ್ದವು. ತಲೆಯಲ್ಲಿ ಉಳಿದ ಮೊದಲ ಸದ್ದು ಅದೇ ಇರಬೇಕು.

ಯಾರ್ಕ್‌ಟನ್ನಿನ ಕಣ್ಣಿನ ಡಾಕ್ಟರು ಕನ್ನಡಕದಿಂದ ಪ್ರಯೋಜನವಿಲ್ಲ ಎಂದು ಹೇಳಿ ಕಳಿಸಿದ್ದರು. ಅದನ್ನು ಅವಳು ಸಹಿಸಿಕೊಂಡಿದ್ದಳು. ಈಗ ಸಹಿಸಲಾಗದ್ದು ಬೇರೆ: ಹೋದ ತಿಂಗಳ ಗೆಲುವು.

ಮೇಲಿನ ಹಾಲಿನಲ್ಲಿ ಎಲೆಕೋಸಿನ ಸುರುಳಿ, ಆಲೂಗಡ್ಡೆ ತುಂಬಿದ ಪೆರೋಗಿ ಕಡುಬು, ಹುರಿದ ಈರುಳ್ಳಿಯ ವಾಸನೆ. ಗೆದ್ದವರು ಸೋತವರಿಗೆ ಮೊದಲ ಗ್ಲಾಸು ಕೊಡಿಸಬೇಕು. ಆ ಲೆಕ್ಕ ಹೇಝಲ್ ನೋಡಿಕೊಂಡಿದ್ದಳು. ಆರ್ಡಿತ್ ಮೇಜುಗಳ ನಡುವೆ ಕತ್ತು ಓರೆ ಮಾಡಿಕೊಂಡು ನಡೆದು ಕೊರಿನ್‌ಳ ಮುಂದೆ ನಿಂತಳು. ಹುಡುಗಿ ಬಾಯಲ್ಲಿದ್ದ ಪೈ ನುಂಗಿ ಎದ್ದು ನಿಂತಳು.

“ಕೂತ್ಕೊಳಿ ಮಿಸೆಸ್ ಕೆ.”

“ಕೂರೋಕೆ ಬರ್ಲಿಲ್ಲ. ಹೋದ ತಿಂಗಳು ಎಂಟನೇ ಸುತ್ತಲ್ಲಿ ನನ್ನ ದಾರಿಗೆ ಅಡ್ಡ ಒಂದು ಕಲ್ಲು ಇಡ್ಬೇಕಿತ್ತು ನೀನು. ಇಡ್ಲಿಲ್ಲ. ಯಾಕೆ?”

“ಅದು… ಆವಾಗ ತಲೆಗೆ ಹೊಳೀಲಿಲ್ಲ.”

“ನಿನ್ನ ತಲೆಗೆ ನಾನೇ ತುಂಬಿದ್ದು ಅದನ್ನ. ಒಂಬತ್ತು ವರ್ಷ ತುಂಬಿದೀನಿ.”

ಕೊರಿನ್ ಮುಖ ತಗ್ಗಿಸಿದಳು. “ಅಡ್ಡ ಕಲ್ಲಿದ್ರೆ ನೀವು ಅದನ್ನ ಸುತ್ತಿ ಎಸೀಬೇಕು. ಎಲ್ರ ಮುಂದೆ… ನಂಗೆ ಮನಸ್ಸು ಬರ್ಲಿಲ್ಲ ಮಿಸೆಸ್ ಕೆ.”

“ಕರುಣೆ ತೋರ್ಸೋಕೆ ಚರ್ಚ್ ಇದೆ. ಭಾನುವಾರ ಹೋಗು” ಎಂದಳು ಆರ್ಡಿತ್. “ಇವತ್ತು ಅಡ್ಡ ಇಡು. ಇಡ್ಲಿಲ್ಲ ಅಂದ್ರೆ ನಿನ್ನ ಜೊತೆ ಮಾತಾಡಲ್ಲ. ಸಾಯೋವರೆಗೂ.”

ಅಲ್ಲಿಂದ ನೇರ ಗೋಡೆಯ ಕಪ್ಪು ಹಲಗೆಯ ಬಳಿಗೆ ಹೋದಳು. ಆಟಕ್ಕೆ ಮುಂಚೆ ಎರಡೂ ತಂಡದವರು ಕಲ್ಲೆಸೆಯುವ ಕ್ರಮವನ್ನು ಅಲ್ಲಿ ಬರೆಯಬೇಕು. ಒಮ್ಮೆ ಬರೆದರೆ ಆಟ ಮುಗಿಯುವ ತನಕ ಅದೇ ಕ್ರಮ, ಬದಲಿಸುವಂತಿಲ್ಲ. ಮೂವತ್ತೊಂದು ವರ್ಷಗಳಿಂದ ಆ ಹಲಗೆಯಲ್ಲಿ ಮೂರನೆಯ ಸಾಲು ನೆಟ್ಟಿಯದು, ನಾಲ್ಕನೆಯದು ಆರ್ಡಿತಳದು. ಅವಳು ಚಾಕ್ ತೆಗೆದುಕೊಂಡಳು. ಹಲಗೆಗೆ ಮೂಗು ತಾಗುವಷ್ಟು ಹತ್ತಿರ ನಿಂತು, ಎಡಗೈ ಬೆರಳಿನಿಂದ ಸಾಲು ಅಳೆಯುತ್ತಾ ಬರೆದಳು. ಬೆನ್ನ ಹಿಂದೆ ತಟ್ಟೆ ಚಮಚಗಳ ಸದ್ದು ಒಂದೊಂದಾಗಿ ನಿಂತಿತು.

“ಏನೇ ಇದು?” ನೆಟ್ಟಿ ಬಂದು ಅವಳ ಮೊಣಕೈ ಹಿಡಿದಳು. “ನನ್ನ ಹೆಸ್ರು ನಾಲ್ಕನೇ ಸಾಲಲ್ಲಿ ಬರೆದಿದೀಯ. ಅಳಿಸು.”

“ಕಣ್ಣು ಕಾಣದೋಳು ಸಾಲು ತಪ್ಪಿದಳು ಅಂದ್ಕೊಂಡ್ಯಾ?”

“ಕೊನೇ ಕಲ್ಲು ಜನ್ಮದಲ್ಲಿ ಎಸೆದಿಲ್ಲ ಕಣೆ ನಾನು. ನನ್ನ ಕೈಲಾಗಲ್ಲ. ಸ್ಕಿಪ್ ನೀನು.”

“ಸ್ಕಿಪ್ ನಾನೇ. ಪೊರಕೆ ನಂದೇ. ನೀನು ಕೊನೇಲಿ ಎಸಿ ಅಷ್ಟೆ.” ಆರ್ಡಿತ್ ಚಾಕಿನ ಪುಡಿಯನ್ನು ಸ್ವೆಟರಿಗೆ ಒರೆಸಿಕೊಂಡಳು. “ಮನೆ ನನ್ನ ಕಾಲ ಕೆಳಗಿದ್ರೆ ನಂಗೆಲ್ಲ ಕಾಣುತ್ತೆ. ಕಾಣದೇ ಇರೋದು ಆ ಕಡೆಯಿಂದ.”

ಫೈನಲ್‌ನಲ್ಲಿ ಏಳು ಸುತ್ತು ಮುಗಿದಾಗ ಅಂಕ ಸಮ. ಮೂರನೆಯವಳಾಗಿ ಎಸೆಯುವಾಗ ಆರ್ಡಿತ್ ನೆಟ್ಟಿಯ ಟೋಪಿಗೇ ಗುರಿಯಿಟ್ಟಳು, ಈ ಸಲ ನಾಚಿಕೆಯಿಲ್ಲದೆ. ಒಂದೆರಡು ತಪ್ಪಿದವು, ಒಂದಂತೂ ಅರವತ್ತೇಳರ ಕಲ್ಲಿನ ಹಾಗೆ ಬಂದು ಕೂತಿತು. ಎಂಟನೆಯ, ಕೊನೆಯ ಸುತ್ತಿನಲ್ಲಿ ಕೊರಿನ್‌ಳ ಕಲ್ಲೊಂದು ನಡುಬಿಂದುವಿನ ಪಕ್ಕ ನಿಂತಿತ್ತು. ತನ್ನ ಕೊನೆಯ ಕಲ್ಲನ್ನು ಕೊರಿನ್ ಅದರ ಮುಂದೆ, ದಾರಿಗೆ ಅಡ್ಡವಾಗಿ ತಂದು ನಿಲ್ಲಿಸಿದಳು. ಆ ಎರಡು ಕಲ್ಲುಗಳ ನಡುವೆ ಉಳಿದದ್ದು ಒಂದು ಕಲ್ಲು ತೂರುವಷ್ಟು, ಮೇಲೆ ಒಂದು ಗೇಣು ಜಾಗ. ಅಡ್ಡ ಕಲ್ಲಿಗೆ ಕೈಗೆಟಕುವಷ್ಟು ಹತ್ತಿರ ಬಗ್ಗಿ ನೋಡಿದ ಆರ್ಡಿತ್ “ಹ್ಞಾಂ” ಎಂದಳು. ತಾನು ತೊಂದರೆಯಲ್ಲಿದ್ದೇನೆ ಎಂಬುದು ಅವಳಿಗೆ ಎಷ್ಟೋ ದಿನಗಳ ನಂತರ ಹಿತವಾಗಿತ್ತು.

ಈಗ ಉಳಿದದ್ದು ನೆಟ್ಟಿಯ ಒಂದೇ ಕಲ್ಲು; ಅದು ಅಡ್ಡ ಕಲ್ಲನ್ನು ಸುತ್ತಿ ಹೋಗಿ, ನಡುಬಿಂದುವಿಗೆ ಕೊರಿನ್‌ಳ ಕಲ್ಲಿಗಿಂತ ಹತ್ತಿರ ನಿಂತರೆ ಗೆಲುವು. ಅದನ್ನು ಎಸೆಯಲು ಹೋಗುವವಳ ಜೊತೆ ಆರ್ಡಿತ್ ಅಂಕಣದ ನಡುವಿನವರೆಗೂ ನಡೆದಳು.

“ಟೋಪಿ ಕೊಡಿಲ್ಲಿ.”

“ನಿಂಗ್ಯಾಕೆ? ನನ್ನ ಕಣ್ಣು ಚೆನ್ನಾಗಿದೆ.”

“ಕೈ ನಡುಗ್ತಾ ಇದೆ ನಿಂದು. ನೋಡೋಕೆ ಏನಾದ್ರೂ ಇದ್ರೆ ನಡುಗಲ್ಲ. ನಂಗೊತ್ತು.”

ನೆಟ್ಟಿ ಟೋಪಿ ತೆಗೆದು ಅವಳ ತಲೆಗಿಟ್ಟು, ಕಿವಿ ಮುಚ್ಚುವಂತೆ ಎಳೆದಳು. ಆರ್ಡಿತ್ ಅದನ್ನು ಕಿವಿಯ ಮೇಲಕ್ಕೆ ಸರಿಸಿದಳು.

“ನಿಜವಾಗ್ಲೂ ಸತ್ ಜಿಂಕೆ ವಾಸನೆ” ಅಂದಳು.

“ಹೋಗೇ ಮುದುಕಿ.”

ವೃತ್ತಗಳ ಮನೆಗೆ ಮರಳಿ ಅವಳು ಬೂಟಿನ ಅಟ್ಟೆಯಿಂದ ಐಸನ್ನು ಸವರಿ ನೋಡಿದಳು. ಹರಳುಗಳು ಸವೆದಿದ್ದವು. ಇಳಿಬಿಸಿಲು ಪಡುವಣ ಗೋಡೆಗೆ ಬಡಿಯುವ ಹೊತ್ತು. ಮಾರ್ಚಿನಲ್ಲಿ ಈ ಹೊತ್ತಿಗೆ ಆ ಬದಿಯ ಐಸ್ ಕೂದಲೆಳೆಯಷ್ಟು ಕುಸಿಯುತ್ತದೆ, ಕಲ್ಲು ಗೋಡೆಯ ಕಡೆಗೆ ಸೋತು ವಾಲುತ್ತದೆ. ಅದರ ಮೇಲೆ ಮೆಟ್ರೊ ಪ್ರತಿ ವರ್ಷ ಸಿಟ್ಟು ಮಾಡಿಕೊಳ್ಳುತ್ತಿದ್ದ. ಅವಳು ಪೊರಕೆಯನ್ನು ಯಾರೂ ಊರದಷ್ಟು ಒಳಗೆ, ಗೋಡೆಯಿಂದ ದೂರ ಊರಿದಳು.

ಆ ತುದಿಯ ಬೂದು ಕಲೆಯೊಳಗಿಂದ ನೆಟ್ಟಿಯ ದನಿ ಬಂತು: “ಅಷ್ಟು ಒಳಗಾ?”

“ಬಾಯಿ ಮುಚ್ಕೊಂಡು ಪೊರಕೆ ನೋಡು!”

ಯಾರೋ ಕೆಮ್ಮಿದರು. ಆಮೇಲೆ ಅದೂ ಇಲ್ಲ. ಬೆನ್ನ ಹಿಂದೆ ಕೊರಿನ್‌ಳ ಉಸಿರು ಕೇಳಿಸುತ್ತಿತ್ತು. ಆರ್ಡಿತ್ ಕತ್ತು ಓರೆ ಮಾಡಲಿಲ್ಲ. ಕಣ್ಣು ಮುಚ್ಚಿದಳು.

ಮೊದಲು ಬೂಟು ಜಾರಿದ ಸದ್ದು. ಆಮೇಲೆ ಕಲ್ಲು ಕೈಬಿಟ್ಟ ಗಳಿಗೆ. ಅದಕ್ಕೆ ಸದ್ದಿರಲಿಲ್ಲ, ಸದ್ದಿಲ್ಲದಿದ್ದರೆ ಕೈ ನಡುಗಿಲ್ಲ ಎಂದು ಅರ್ಥ. ನಂತರ ದೂರದಿಂದ, ಕೊಳದ ಆಚೆ ದಡದಿಂದ ಬರುವಂತೆ, ಆ ಗರಗರ. ಹೇಝಲ್ ಮತ್ತು ಲೂ ಅದರ ಪಕ್ಕ ಓಡಿ ಬರುತ್ತಿದ್ದರು, ಅವಳ ಕೂಗಿಗೆ ಕಾಯುತ್ತಾ.

“ಉಜ್ಜಿ!” ಎಂದು ಕೂಗಿದಳು. ಪೊರಕೆಗಳು ಬಡಿದವು. ಎರಡು, ಮೂರು, ನಾಲ್ಕು ಉಸಿರು. ಗರಗರ ತೆಳುವಾಯಿತು, ಉದ್ದವಾಯಿತು. “ಬಿಡಿ. ಬಿಡಿ! ಮುಟ್ಬೇಡಿ ಅದನ್ನ.”

ಪೊರಕೆಗಳು ನಿಂತವು. ಕಲ್ಲೊಂದೇ ಬರುತ್ತಿತ್ತು. ಅಡ್ಡ ಕಲ್ಲಿನ ಬಳಿ ಅದು ಬಂದ ಹೊತ್ತಿಗೆ ಕಲ್ಲಿಗೆ ಕಲ್ಲು ತಾಗುವ ಟಕ್ಕೆಂಬ ಸದ್ದು ಬರಬಹುದಾಗಿತ್ತು. ಬರಲಿಲ್ಲ. ಸದ್ದು ಅವಳ ಬೂಟಿನ ಅಟ್ಟೆಗೆ ಹತ್ತಿತು, ಅಲ್ಲಿಂದ ಮಂಡಿಗೆ. ಅದು ನಿಧಾನವಾಗುತ್ತಿದ್ದ ಬಗೆ ಅವಳಿಗೆ ಗೊತ್ತಿತ್ತು. ಎಲ್ಲಿ ನಿಲ್ಲುತ್ತದೆಂದೂ ಗೊತ್ತಿತ್ತು: ನಡುಬಿಂದುವಿನ ಮೇಲೆ.

ಕಲ್ಲು ಇನ್ನೂ ಹಾಡುತ್ತಿರುವಾಗಲೇ ಆರ್ಡಿತ್ ಪೊರಕೆಯನ್ನು ಕಂಕುಳಿಗೆ ಸಿಕ್ಕಿಸಿ, ಕೈ ಕುಲುಕಲೆಂದು ಬಲಗೈಯ ಗವಸನ್ನು ಬೆರಳು ಬೆರಳಾಗಿ ಬಿಚ್ಚತೊಡಗಿದಳು.