ಚುಕ್ಕಿಯ ಬೆನ್ನ ಮೇಲಿನ ಜೀನು

ಚುಕ್ಕಿಯನ್ನು ಒಯ್ಯುವ ಲಾರಿ ಮಧ್ಯಾಹ್ನದೊಳಗೆ ಬರುವುದಿತ್ತು. ಯಜಮಾನಿ ಬೆಳಗಿನಿಂದ ಯಾರ ಮೇಲೆ ಎಗರಲಿ ಎಂದು ನೋಡುತ್ತಿದ್ದಳು. ಬಕೆಟ್ಟಿನ ಮೇಲೆ ಎಗರಿದಳು, ನಲ್ಲಿಯ ಮೇಲೆ ಎಗರಿದಳು, ಲಾಯದ ಚಿಲಕ ಸರಿಯಾಗಿ ಕೂರಲಿಲ್ಲವೆಂದು ಬಾಗಿಲಿಗೆ ಒದ್ದು ಹೆಬ್ಬೆರಳು ನೋಯಿಸಿಕೊಂಡಳು. ಕುದುರೆಯ ಕಡೆ ಮಾತ್ರ ಕಣ್ಣೆತ್ತಿ ನೋಡಲಿಲ್ಲ.

ಸವಾರಿ ಕಲಿಸುವ ಆ ಲಾಯ ಅವಳ ಮಾವನದು. ಮಾವ ತೀರಿಕೊಂಡ ಮೇಲೆ ಅದನ್ನು ನಡೆಸುತ್ತಿದ್ದವರು ಅವಳು ಮತ್ತು ಅವಳ ನಾದಿನಿ. ಗಂಡ ಹಡಗಿನ ಕೆಲಸದಲ್ಲಿದ್ದ. ವರ್ಷಕ್ಕೊಮ್ಮೆ ಬಂದು, ಕುದುರೆಗಳಿಗೆ ಹೆದರಿ ದೂರ ನಿಂತು, ಎಲ್ಲರಿಗೂ ಬುದ್ಧಿ ಹೇಳಿ ಹೋಗುತ್ತಿದ್ದ.

ಚುಕ್ಕಿ ಆ ಲಾಯದ ಕಣ್ಮಣಿ. ಗಿಡ್ಡ ಬೆನ್ನಿನ, ದುಂಡು ಮೈಯ ಕರಿ ಹೆಣ್ಣು ಕುದುರೆ. ಬೆನ್ನಿನ ಹಿಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಮೊಟ್ಟೆಯಗಲದ ಬಿಳಿ ಚುಕ್ಕೆ, ಅಳತೆ ಹಿಡಿದು ಬರೆದಂತೆ. ಜೀನು ಹಾಕುವ ಮೊದಲು ಆ ಚುಕ್ಕೆಗಳನ್ನು ಒತ್ತಿ ಮುಟ್ಟುವುದು ಕಲಿಯಲು ಬಂದವರೆಲ್ಲರ ವಾಡಿಕೆ. ಮುಟ್ಟಿದವರು ಬೀಳುವುದಿಲ್ಲವಂತೆ. ಮುಟ್ಟಿದಾಗಲೆಲ್ಲ ಚುಕ್ಕಿ ಕಿವಿ ಹಿಂದಕ್ಕೆ ಮಡಚಿ ಬೆನ್ನು ತಗ್ಗಿಸುತ್ತಿತ್ತು. "ಕಚಗುಳಿ ಕಣ್ರೋ ಅವಳಿಗೆ" ಎಂದು ಯಜಮಾನಿ ನಗುತ್ತಿದ್ದಳು.

ಅಂಥ ಚುಕ್ಕಿ ಹೋದ ವಾರ ಗುಡ್ಡದ ಇಳಿಜಾರಿನಲ್ಲಿ ನಾದಿನಿಯನ್ನು ಎತ್ತಿ ಬಿಸಾಡಿತು. ನಾದಿನಿಯ ಹೆಗಲ ಮೂಳೆ ಮುರಿಯಿತು. ಅಂದಿನಿಂದ ಕುದುರೆ ಜೀನು ಕಂಡರೆ ಸಾಕು, ಹಲ್ಲು ತೋರಿಸುತ್ತಿತ್ತು. ಮಕ್ಕಳು ಕಲಿಯುವ ಜಾಗ. ನಾಳೆ ಯಾರದೋ ಮಗುವಿನ ತಲೆ ಒಡೆದರೆ? ಯಜಮಾನಿ ಒಂದು ರಾತ್ರಿ ಅತ್ತು, ಬೆಳಗ್ಗೆ ಮೂಗು ಒರೆಸಿಕೊಂಡು ಲಾರಿಯವನಿಗೆ ಫೋನ್ ಮಾಡಿದಳು. ಅವನು ಒಯ್ದ ಕುದುರೆ ಎಲ್ಲಿಗೆ ಹೋಗುತ್ತದೆಂದು ಆ ಕಸುಬಿನವರು ಕೇಳುವುದಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಕೇಳುವುದೇನು?

ನಾದಿನಿ ಕೈಯನ್ನು ಬಟ್ಟೆಪಟ್ಟಿಯಲ್ಲಿ ಕೊರಳಿಗೆ ನೇತುಹಾಕಿಕೊಂಡು ಲಾಯದ ಬಾಗಿಲಿಗೆ ಬಂದಳು.

"ಅತ್ತಿಗೆ, ಈ ಪಟ್ಟಿ ಕಟ್ಟಿದ ನರ್ಸು ಎದುರಿಗೆ ಸಿಕ್ಕರೆ ಕಚ್ಚಿಬಿಡ್ತೀನಿ. ನೋಡಿ, ಕತ್ತು ಹೇಗೆ ತರಚಿದೆ."

"ಕಚ್ಚು, ಕಚ್ಚು. ಲಾರಿಯಲ್ಲಿ ಇನ್ನೊಂದಕ್ಕೆ ಜಾಗ ಇದೆ."

ನಾದಿನಿ ನಗಲಿಲ್ಲ. "ಅದನ್ನೇ ಯೋಚಿಸ್ತಾ ಇದ್ದೆ. ಒಂದು ವಾರಕ್ಕೇ ನನಗೆ ಹೀಗಾಗಿದೆ. ಅವಳಿಗೂ ಏನಾದ್ರೂ ಒತ್ತುತ್ತಾ ಇತ್ತೇನೋ. ಜೀನನ್ನ ಒಂದ್ಸಲ ಇಟ್ಟು ನೋಡೋಣ."

ಯಜಮಾನಿಗೆ ಮೈಯೆಲ್ಲ ಉರಿದುಹೋಯಿತು.

"ಯಾವ ಜೀನು? ನಿಮ್ಮಪ್ಪನ ಜೀನು! ಈ ಲಾಯದಲ್ಲಿ ಅದಕ್ಕಿಂತ ಒಳ್ಳೇದು ಇದೆಯೇನೇ? ಅದನ್ನ ಇವಳಿಗೇ ಅಂತ ಎತ್ತಿಟ್ಟಿದ್ದೀನಿ. ದಿನಾ ನಾನೇ ಹಾಕ್ತೀನಿ, ದಿನಾ ಮೂರು ಬೆರಳು ತೂರಿಸಿ ನೋಡ್ತೀನಿ. ನನಗೆ ಹೇಳಿಕೊಡೋಕೆ ಬಂದ್ಲು!"

"ಹೇಳಿಕೊಡ್ತಿಲ್ಲ. ನೋಡೋಣ ಅಂದೆ. ನೋಡಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

ಮಾವನ ಜೀನು ನಿಜಕ್ಕೂ ಚೆಂದದ್ದು. ಮುಂದೆ ಹಿಡಿಯಲು ಕೊಂಬಿರುವ ವೆಸ್ಟರ್ನ್ ಜೀನು; ಒಳಗೆ ಗಟ್ಟಿ ಮರದ ಚೌಕಟ್ಟು, ಹೊರಗೆ ಹೂಬಳ್ಳಿ ಕೆತ್ತಿದ ದಪ್ಪ ಚರ್ಮ, ಹಿಂದೆ ಅಗಲವಾಗಿ ಇಳಿಬಿದ್ದ ಅಂಚು. ಮಾವ ಸಾಕಿದ್ದೆಲ್ಲ ಉದ್ದ ಬೆನ್ನಿನ ಕುದುರೆಗಳನ್ನೇ. ಜೀನು ಸರಿಯಾಗಿದೆಯೇ ಎಂದು ನೋಡುವುದಕ್ಕೆ ಅವರ ಮನೆಯಲ್ಲಿದ್ದದ್ದು ಒಂದೇ ಪರೀಕ್ಷೆ: ಮುಂದಿನ ಕಮಾನಿನ ಕೆಳಗೆ ಮೂರು ಬೆರಳು ಆಡಬೇಕು. ಆಡಿದರೆ ಸಾಕು, ಹತ್ತಿ ಕೂರು. ಹಿಂದೆ ಏನಾಗುತ್ತದೆಂದು ಆ ಮನೆಯಲ್ಲಿ ಯಾರೂ ಬಗ್ಗಿ ನೋಡಿದ್ದಿಲ್ಲ. ಅಷ್ಟುದ್ದದ ಬೆನ್ನಿನಲ್ಲಿ ಹಿಂದೆ ನೋಡುವ ಗರಜೂ ಬಿದ್ದಿರಲಿಲ್ಲ.

"ಬಾ, ತೋರಿಸ್ತೀನಿ. ಆಮೇಲೆ ಬಾಯಿ ಮುಚ್ಚಿಕೊಂಡು ಹೋಗಿ ಮಲಗು" ಎಂದಳು ಯಜಮಾನಿ.

ಚುಕ್ಕಿಯನ್ನು ಅಂಗಳದ ಸಮನೆಲದಲ್ಲಿ ನಿಲ್ಲಿಸಿ, ತಿರುಗಿ ಕಚ್ಚದಂತೆ ಹಗ್ಗ ಗಿಡ್ಡ ಮಾಡಿ ಕಟ್ಟಿದರು. ಇಬ್ಬರಿಗೂ ಸೇರಿ ಮೂರು ಕೈ. ನಾದಿನಿ ಒಂಟಿ ಕೈಯಲ್ಲಿ ಸೀಮೆಸುಣ್ಣ ಹಿಡಿದು, ಕುದುರೆಯ ಪಕ್ಕೆಯನ್ನು ಒತ್ತಿ ಒತ್ತಿ ಕೊನೆಯ ಪಕ್ಕೆಲುಬು ಹುಡುಕಿದಳು. ಅದು ಬಾಗಿ ಮೇಲೇರಿ ಬೆನ್ನೆಲುಬು ಸೇರುವತನಕ ಗೆರೆ ಎಳೆದಳು. ಭುಜದ ಹಲಗೆಮೂಳೆ ಮುಗಿಯುವಲ್ಲಿ ಇನ್ನೊಂದು ಗೆರೆ.

"ಸವಾರಿಯ ಭಾರವೆಲ್ಲ ಈ ಎರಡು ಗೆರೆಗಳ ಮಧ್ಯೆ ಕೂರಬೇಕು, ಅಲ್ವಾ ಅತ್ತಿಗೆ? ಈ ಹಿಂದಿನ ಗೆರೆಯಾಚೆ ಸೊಂಟ. ಅಲ್ಲಿ ಕೆಳಗೆ ಪಕ್ಕೆಲುಬಿನ ಆಸರೆಯೇ ಇಲ್ಲ."

"ಗೊತ್ತು ಬಿಡೇ" ಎಂದಳು ಯಜಮಾನಿ. ಗೊತ್ತಿತ್ತು ನಿಜ. ಆದರೆ ಆ ಎರಡು ಗೆರೆಗಳ ನಡುವಿನ ಜಾಗ ಇಷ್ಟೇ ಇಷ್ಟು ಎಂದು ಅವಳ ಕಣ್ಣಿಗೆ ಬಿದ್ದದ್ದು ಆಗಲೇ.

ಯಾವಾಗಲೂ ಜೀನಿನಡಿ ದಪ್ಪ ಕಂಬಳಿ ಇರುತ್ತಿತ್ತು. ಚುಕ್ಕಿ ಮುಖ ಸಿಂಡರಿಸತೊಡಗಿದ ಮೇಲೆ ಮೆತ್ತಗಿರಲೆಂದು ಯಜಮಾನಿ ಇನ್ನೊಂದು ಸೇರಿಸಿದ್ದಳು, ಆಮೇಲೆ ಮತ್ತೊಂದು. ಇವತ್ತು ಕಂಬಳಿಯೇ ಇಲ್ಲದೆ, ಬರಿ ಬೆನ್ನಿಗೆ ಸೀಮೆಸುಣ್ಣದ ಪುಡಿ ಉದುರಿಸಿ, ಜೀನನ್ನು ಮುಂದಿಟ್ಟು, ಮೆಲ್ಲಗೆ ಹಿಂದಕ್ಕೆ ಜಾರಿಸಿ, ಅದು ತಾನಾಗಿ ನಿಲ್ಲುವಲ್ಲಿ ಬಿಟ್ಟಳು. ಹೊಟ್ಟೆಪಟ್ಟಿ ಬಿಗಿಯಲಿಲ್ಲ. ಮುಂದಿನ ಕಮಾನಿನಡಿ ಕೈ ತೂರಿಸಿದಳು.

"ನೋಡು, ಮೂರು ಬೆರಳು! ಕಣ್ಣಿದೆಯಾ ನಿನಗೆ?"

"ಮುಂದೆ ಜಾಗ ಇದೆ. ಹಿಂದೆ ಬನ್ನಿ."

ಯಜಮಾನಿ ಹಿಂದೆ ಬಂದಳು. ಪಕ್ಕೆಲುಬಿನ ಗೆರೆ ಕಾಣಲಿಲ್ಲ. ಚರ್ಮದ ಅಂಚನ್ನು ಎತ್ತಿ ನೋಡಿದಳು. ಗೆರೆ ಎಲ್ಲೋ ಒಳಗಿತ್ತು. ಗಟ್ಟಿ ಮರ ಅದನ್ನು ದಾಟಿ ಒಂದು ಗೇಣು ಆಚೆ, ಸೊಂಟದ ಮೆತ್ತನೆ ಮಾಂಸದ ಮೇಲೆ ಕೂತಿತ್ತು. ಚರ್ಮದ ಅಂಚಂತೂ ಸೊಂಟದ ಮೂಳೆಗೇ ತಾಗುತ್ತಿತ್ತು.

"ಸ್ವಲ್ಪ ಮುಂದಕ್ಕೆ ತಂದರಾಯ್ತು" ಎಂದು ಜೀನನ್ನು ಎಳೆದಳು. ಭುಜದ ಗೆರೆ ಮುಚ್ಚಿಹೋಯಿತು; ಮರ ಹಲಗೆಮೂಳೆಯನ್ನೇರಿ ಕೂತಿತು. ಚುಕ್ಕಿ ಮುಂಗಾಲು ನೆಲಕ್ಕೆ ಕುಟ್ಟಿತು. ಹಿಂದಕ್ಕೆ ಬಿಟ್ಟಳು: ಸೊಂಟ. ಮತ್ತೆ ಮುಂದಕ್ಕೆ: ಭುಜ. ನಡುವೆ ಕೈ ತೂರಿಸಿದರೆ ಅಲ್ಲಿ ಜೀನು ಬೆನ್ನಿಗೆ ತಾಗಿಯೇ ಇರಲಿಲ್ಲ. ಸೇತುವೆಯ ಕೆಳಗೆ ಕೈಯಾಡಿಸಿದಂತೆ ಖಾಲಿ. ಭಾರವೆಲ್ಲ ನಾಲ್ಕು ಮೂಲೆಗಳಲ್ಲಿ.

"ಇಳಿಜಾರಲ್ಲಿ ನೀವೇ ಕಲಿಸಿದ ಹಾಗೆ ಹಿಂದಕ್ಕೆ ವಾಲಿ ಕೂತೆ" ಎಂದಳು ನಾದಿನಿ, ಸಣ್ಣ ದನಿಯಲ್ಲಿ. "ನನ್ನ ಭಾರ ಪೂರ್ತಿ ಹಿಂದಿನ ಮೂಲೆಗೆ ಬಿದ್ದಿರಬೇಕು."

ಯಜಮಾನಿ ಜೀನನ್ನು ಎರಡೂ ಕೈಯಲ್ಲಿ ಎತ್ತಿದಳು. ಒತ್ತಿದ ಕಡೆ ಸೀಮೆಸುಣ್ಣದ ಪುಡಿ ಜೀನಿನ ತಳಕ್ಕೆ ಹತ್ತಿಕೊಂಡು ಬಂದು ಬೆನ್ನು ಕರ‍್ರಗೆ ಕಾಣುತ್ತಿತ್ತು. ಹಿಂದೆ ಎರಡು ಕಡೆ ಮಾತ್ರ ಪುಡಿ ಹೋದರೂ ಬಿಳುಪು ಹೋಗಿರಲಿಲ್ಲ. ಕೈಯಿಂದ ಒರೆಸಿದಳು. ಹೋಗಲಿಲ್ಲ. ಇನ್ನೊಮ್ಮೆ ಒರೆಸಿದಳು.

ಅದು ಪುಡಿಯಲ್ಲ. ಚುಕ್ಕೆಗಳು.

ಜೀನಿನ ಹಿಂದಿನ ಮೂಲೆಗಳು ಎಲ್ಲಿ ಕೂತಿದ್ದವೋ ಸರಿಯಾಗಿ ಅಲ್ಲೇ ಎಡಕ್ಕೊಂದು, ಬಲಕ್ಕೊಂದು. ಅಳತೆ ಹಿಡಿದು ಬರೆದಂತೆ.

ಅವಳ ಕೈಯಿಂದ ಜೀನು ಕಳಚಿ ನೆಲಕ್ಕೆ ಬಿತ್ತು. ಮಾವನ ಜೀನು ನೆಲಕ್ಕೆ ಬಿದ್ದದ್ದು ಅದೇ ಮೊದಲು. ಇಬ್ಬರೂ ಎತ್ತಲು ಬಗ್ಗಲಿಲ್ಲ.

"ಇವಳು ಬಂದಾಗ..." ಎಂದಳು ನಾದಿನಿ.

"ಬೇಡ, ಹೇಳಬೇಡ."

"ಬಂದಾಗ ಇವಳ ಹೆಸರು ಇದ್ದಿಲು, ಅತ್ತಿಗೆ. ನಾನೇ ಮೈ ತೊಳೆದಿದ್ದೆ. ಒಂದೇ ಒಂದು ಬಿಳಿ ಕೂದಲು ಇರಲಿಲ್ಲ. ಆಮೇಲೆ ನಾವೇ..."

ಆಮೇಲೆ ಚುಕ್ಕೆ ಮೂಡಿದವು. ಒಂದು ಚಳಿಗಾಲದ ಕೂದಲು ಉದುರಿ ಹೊಸದು ಬರುವಾಗ ಕಂಡವು. ಲಾಯದಲ್ಲೆಲ್ಲ ಸಂಭ್ರಮ. ಯಜಮಾನಿಯೇ ಹೆಸರು ಬದಲಿಸಿದಳು, ಬಾಗಿಲ ಹಲಗೆಯ ಮೇಲೆ ಬಣ್ಣದಲ್ಲಿ ಬರೆಸಿದಳು.

ಒತ್ತಿ ಒತ್ತಿ ಕೂದಲ ಬೇರು ಕೆಟ್ಟ ಕಡೆ ಬಿಳಿ ಕೂದಲು ಹುಟ್ಟುತ್ತದೆಂದು ಅವಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಸಂತೆಯಲ್ಲಿ ಒಬ್ಬ ಬಾಡಿಗೆ ಗಾಡಿಯವನ ಕುದುರೆಯ ಹೆಗಲ ಮೇಲೆ ಇಂಥ ಮಚ್ಚೆ ಕಂಡು, ಹತ್ತು ಜನರ ಮುಂದೆ ಅವನ ಜನ್ಮ ಜಾಲಾಡಿದ್ದಳು. ಅವನದು ಅಂಕುಡೊಂಕು ಮಚ್ಚೆ, ನೋಡಲು ಅಸಹ್ಯ. ತನ್ನ ಮನೆಯದು ದುಂಡಗೆ, ಜೋಡಿಯಾಗಿ, ಚೆಂದವಾಗಿತ್ತು. ಚೆಂದವಿದ್ದದ್ದು ಗಾಯವಾಗಿರಬಹುದೆಂದು ತಲೆಗೆ ಹೊಳೆಯಲೇ ಇಲ್ಲ. ಮೇಲಿಂದ ಮಕ್ಕಳ ಕೈ ಹಿಡಿದು ಅದನ್ನೇ ಒತ್ತಿಸಿದಳು. ಜೋರಾಗಿ ಮುಟ್ಟು, ಮರೀ. ಕಚಗುಳಿ ಅವಳಿಗೆ.

ಯಜಮಾನಿ ಬಕೆಟ್ ಕವುಚಿ ಅದರ ಮೇಲೆ ಕೂತಳು. ಬಾಯಿ ತೆರೆದೇ ಇತ್ತು. ಬೈಗುಳಕ್ಕೆ ಯಾವತ್ತೂ ಬರವಿಲ್ಲದ ಬಾಯಿ. ಬೈಯಬೇಕಾದವರು ಎದುರಿಗೆ ಯಾರೂ ಇರಲಿಲ್ಲ.

ಗೇಟಿನಾಚೆ ಲಾರಿ ಹಾರನ್ ಹೊಡೆಯಿತು.

ಲಾರಿಯವನು ಹಗ್ಗ ಸುತ್ತಿಕೊಂಡು ಒಳಗೆ ಬಂದ. "ಏನಕ್ಕಾ, ಇದೇನಾ ಹುಚ್ಚು ಕುದುರೆ? ಒಳ್ಳೇ ಮೈ ಇದೆ."

"ಹಗ್ಗ ಒಳಗಿಡು."

"ಅಂದ್ರೆ?"

"ಕೊಡಲ್ಲ ಅಂದೆ. ಹುಚ್ಚು ಅದಕ್ಕಲ್ಲ."

"ಅಷ್ಟು ದೂರದಿಂದ ಬಂದಿದ್ದೀನಿ. ಮಾತು ಅಂದ್ರೆ ಮಾತು. ಹುಚ್ಚು ಮತ್ತೆ ಯಾರಿಗೆ?"

"ಎದುರಿಗೇ ಕೂತಿದ್ದೀನಲ್ಲ, ಕಾಣಲ್ವಾ? ಬೇಕಾದ್ರೆ ನನ್ನನ್ನ ಕಟ್ಟಿಕೊಂಡು ಹೋಗು!"

ಅವನು ಅವಳನ್ನು ನೋಡಿದ, ನಾದಿನಿಯನ್ನು ನೋಡಿದ. ನಾದಿನಿ ತಲೆಯಾಡಿಸಿದಳು. ಗೊಣಗುತ್ತಾ ಹೊರಟುಹೋದ.

"ಇವಳ ಬೆನ್ನು ಮಾಯಬೇಕು" ಎಂದಳು ನಾದಿನಿ. "ಅಲ್ಲೀವರೆಗೂ ಯಾರೂ ಹತ್ತೋದು ಬೇಡ. ಆಮೇಲೆ ಗಿಡ್ಡ ಬೆನ್ನಿಗೆ ಸರಿಹೋಗೋ, ದುಂಡು ಅಂಚಿನ ಚಿಕ್ಕ ಜೀನು ಹುಡುಕೋಣ. ಅಪ್ಪನ ಜೀನು ಅಪ್ಪನ ಕಾಲದ ಆ ಉದ್ದ ಬೆನ್ನಿನ ಮುದಿ ಕುದುರೆಗೆ ಸರಿಯಾಗಿ ಕೂರುತ್ತೆ."

"ಚುಕ್ಕೆ?"

"ಅದು ಹಾಗೇ ಇರುತ್ತೆ, ಅತ್ತಿಗೆ."

ಯಜಮಾನಿ ಎದ್ದು ಚುಕ್ಕಿಯ ಬಳಿ ಹೋದಳು. ಸಮಾಧಾನ ಮಾಡೋಣವೆಂದು ಕೈ ಎತ್ತಿದಳು. ಕೈ ದಿನದ ರೂಢಿಯಂತೆ ತಾನಾಗಿಯೇ ಬೆನ್ನಿನ ಹಿಂಭಾಗಕ್ಕೆ ಹೊರಟಿತ್ತು. ಅದಿನ್ನೂ ಗಾಳಿಯಲ್ಲಿರುವಾಗಲೇ ಕುದುರೆ ಕಿವಿ ಹಿಂದಕ್ಕೆ ಮಡಚಿ, ಬೆನ್ನು ತಗ್ಗಿಸಿ, ಒತ್ತಿಸಿಕೊಳ್ಳಲು ಸಿದ್ಧವಾಗಿ ನಿಂತಿತು.

ಅವಳು ಕೈ ಕೆಳಗಿಳಿಸಿದಳು. ಬೆನ್ನು ಇನ್ನೂ ತಗ್ಗಿಯೇ ಇತ್ತು.