ಗೋಡೆಗೆ ಅಂಟಿಸಿದ ಪ್ರೀತಿ

ಗ್ವಾನಹ್ವಾತೊ ಊರಿನ ನಮ್ಮ ಓಣಿಯಲ್ಲಿ ಪ್ರೇಮಿಗಳು ಮುತ್ತಿಟ್ಟು, ಅಗಿದ ಚೂಯಿಂಗ್ ಗಮ್ಮನ್ನು ನನ್ನ ಮನೆಯ ಗೋಡೆಗೆ ಅಂಟಿಸಿದರೆ ಪ್ರೀತಿ ಏಳು ವರ್ಷ ಬಾಳುತ್ತದಂತೆ. ಗೈಡ್ ಫುಲ್ಹೆನ್ಸಿಯೊ ಹುಟ್ಟಿಸಿದ ಸುಳ್ಳು. ಕಂಡಕಂಡವರ ಎಂಜಲನ್ನು ದಿನಾ ಬೆಳಿಗ್ಗೆ ಕೆರೆದು ತೆಗೆಯುವ ಕರ್ಮ ಮಾತ್ರ ನನ್ನದು.

ಇವತ್ತು ಕೆರೆಯುತ್ತಿದ್ದಾಗ ಅವನು ಪ್ರವಾಸಿಗರ ಹಿಂಡನ್ನೇ ಕರೆತಂದು ನನ್ನತ್ತ ಕೈ ತೋರಿಸಿದ. "ಈ ಮುದುಕನ ಹೆಂಡ್ತಿ ಮದುವೆ ದಿನಾನೇ ತೀರ್ಕೊಂಡ್ಳು. ಆ ಹೊಟ್ಟೆಕಿಚ್ಚಿಗೆ ಊರೋರ ಪ್ರೀತೀನೆಲ್ಲ ಕೆರೀತಾ ಕೂತಿದಾನೆ!"

"ಥೂ, ನಿನ್ನ ಬಾಯಿಗೆ ಹುಳ ಬೀಳ!" ಎಂದೆ.

ಇದನ್ನೆಲ್ಲ ಕೇಳಿಸಿಕೊಂಡ ನನ್ನ ಹೆಂಡತಿ ಎವೋದಿಯಾ ಮೇಲಿನ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದಳು, "ಸತ್ತೋಳು ಕರೀತಿದೀನಿ, ರೊಟ್ಟಿ ಆರಿಹೋಗ್ತಿದೆ, ಬಾರಯ್ಯ!"

ಫುಲ್ಹೆನ್ಸಿಯೊ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು ಪಿಸುಗುಟ್ಟಿದ, "ನೋಡಿ, ದೆವ್ವ!"

ಮೂವತ್ತು ಮೊಬೈಲುಗಳು ಕಿಟಕಿಯತ್ತ ಎದ್ದವು. ಒಬ್ಬಳು ಭಕ್ತಿಯಿಂದ ಬಾಯೊಳಗಿನ ಗಮ್ ತೆಗೆದು, ನಾನು ಆಗಷ್ಟೇ ಕೆರೆದಿದ್ದ ಜಾಗಕ್ಕೇ ಒತ್ತಿದಳು.