ಮೀಸೆಯ ಮೇಲೆ ಫೋಕಸ್

“ಮೀಸಿ ಮ್ಯಾಲೆ ಫೋಕಸ್ ಮಾಡ್ರಿ, ಭಾವುಸಾಹೇಬ್ರ. ಅವರು ಗಂಡಸರ ಫೋಟೊಕ್ಕ ಯಾವತ್ತೂ ಮೀಸೀನ ಹಿಡೀತಿದ್ರು,” ಎಂದಳು ಅಕ್ಕುತಾಯಿ, ಗಂಡನ ಶವದ ಪಕ್ಕದಲ್ಲಿ ಕುಳಿತೇ.

ಸ್ಟುಡಿಯೋ ಬಾಳಾಸಾಬನನ್ನು ಉಗಾರ ಬುದ್ರುಕದ ಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆಗೆ ವಿಭೂತಿ, ತಲೆಗೆ ಹೊಸ ರುಮಾಲು. ನಿನ್ನೆ ಮಧ್ಯಾಹ್ನ ಎರಡು ಹೋಳಿಗೆ ಹೆಚ್ಚಿಗೇ ಉಂಡು ಮಲಗಿದವನು ಏಳಲೇ ಇಲ್ಲ. ಉಂಡ ತೃಪ್ತಿ ಇನ್ನೂ ಮುಖದಲ್ಲಿತ್ತು. ನಾಲ್ಕು ಗಂಟೆಗೆ ಎತ್ತಬೇಕು, ಅದಕ್ಕೆ ಮೊದಲು ಒಂದು ಫೋಟೊ ಆಗಬೇಕು.

ಮೂವತ್ತು ವರ್ಷ ಸುತ್ತಲಿನ ಊರುಗಳ ಮದುವೆ ತೆಗೆದವನ ಒಂದು ಫೋಟೊವೂ ಆ ಮನೆಯಲ್ಲಿರಲಿಲ್ಲ. ಬೇರೆಯವರ ಲೆನ್ಸ್ ಅವನಿಗೆ ಹಿಡಿಸುತ್ತಿರಲಿಲ್ಲ. ಶಿರಗುಪ್ಪಿಯಲ್ಲಿ ಸ್ಟುಡಿಯೋ ಇಟ್ಟಿದ್ದ ಗೆಳೆಯ ಭಾವುಸಾಹೇಬ ಒಮ್ಮೆ ತೆಗೆದುಕೊಟ್ಟರೆ, “ಮೀಸಿ ಕೂದಲಾ ಎಣಸಾಕ ಬರೂದಿಲ್ಲಲೇ ಇದರಾಗ,” ಎಂದು ತಿರುಗಿ ಕೊಟ್ಟಿದ್ದ. ಈ ಕೊನೆಯ ಫೋಟೊವಾದರೂ ಅವನು ಒಪ್ಪುವಂತೆ ಬರಬೇಕು. ಅಕ್ಕುತಾಯಿಗೆ ಇದೊಂದೇ ಹಟ.

* * *

ಹನ್ನೊಂದು ವರ್ಷದ ಹಿಂದೆ, ಎಂಬತ್ಮೂರರಲ್ಲಿ, ಬಾಳಾಸಾಬ ಮಿರಜಿನಿಂದ ಒಂದು ಹಳೆಯ ಲೆನ್ಸ್ ತಂದ. ಝೂಮ್ ಎಂದೇ ತಂದಿದ್ದ. ಐಗಳಿಯ ಮದುವೆಯಲ್ಲಿ ವರನ ಮುಖವನ್ನು ಹತ್ತಿರಕ್ಕೆ ಎಳೆದು ಫೋಕಸ್ ಮಾಡಿ, ಆಮೇಲೆ ಹಿಂದಕ್ಕೆ ಸರಿಸಿ ಬೀಗರನ್ನೆಲ್ಲ ಸೇರಿಸಿ ಹೊಡೆದ. ರೀಲು ತೊಳೆದು ನೋಡಿದರೆ ಮದುವೆ ಮಂಜಿನಲ್ಲಿ ನಡೆದಂತಿತ್ತು. ಅದು ಝೂಮ್ ಅಲ್ಲ, ವ್ಯಾರಿಫೋಕಲ್. ಹತ್ತಿರ ದೂರ ಮಾಡಿದಾಗಲೆಲ್ಲ ಫೋಕಸ್ ಜಾರುತ್ತದೆ, ಮತ್ತೆ ಮಾಡಲೇಬೇಕು.

ಅವನು ತಾನೇ ಐಗಳಿಗೆ ಹೋಗಿ ತಪ್ಪೊಪ್ಪಿಕೊಂಡ. ವಧೂವರರು ಮತ್ತೆ ಬಾಸಿಂಗ ಕಟ್ಟಿಕೊಂಡು ಕುಳಿತರು, ಬೀಗರು ಮತ್ತೆ ಬಂದು ಮತ್ತೆ ಉಂಡರು. ಇನ್ನೊಮ್ಮೆ ಕೆಡಿಸಿದರೂ ಅಡ್ಡಿಯಿಲ್ಲ ಎಂದರಂತೆ ವರನ ಸೋದರಮಾವ.

ಲೆನ್ಸನ್ನು ಮಾತ್ರ ಬಾಳಾಸಾಬ ಬಿಡಲಿಲ್ಲ. ಪ್ರತಿ ದೀಪಾವಳಿಗೆ ಗೆಳೆಯರಿಬ್ಬರೂ ಮರಾಠಿ ಪತ್ರಿಕೆಯೊಂದನ್ನು ಗೋಡೆಗೆ ಹಚ್ಚಿ, ತಮ್ಮ ತಮ್ಮ ಲೆನ್ಸಿನಲ್ಲಿ ಹೊಡೆದು, ಪ್ರಿಂಟು ಹಾಕಿ ನೋಡುವರು. ತೀರ್ಪು ಅಕ್ಕುತಾಯಿಯದು. ಭಾವುಸಾಹೇಬನ ಹೊಸ ಝೂಮಿನಲ್ಲಿ ಅವಳಿಗೆ ತಲೆಬರಹ ಮಾತ್ರ ಕಾಣುತ್ತಿತ್ತು. ಗಂಡನದರಲ್ಲಿ ಎಮ್ಮೆ ಮಾರಾಟದ ಜಾಹೀರಾತನ್ನೂ ಗಟ್ಟಿಯಾಗಿ ಓದುತ್ತಿದ್ದಳು.

“ನಂದು ತ್ರಾಸ ಕೊಡತೈತಿ ಖರೆ,” ಎಂದು ಬಾಳಾಸಾಬ ಬೀಗುತ್ತಿದ್ದ. “ಆದ್ರ ಸುಳ್ಳ ಹೇಳೂದಿಲ್ಲ.”

* * *

ಇವತ್ತು ಭಾವುಸಾಹೇಬ ತನ್ನ ಝೂಮನ್ನು ಶಿರಗುಪ್ಪಿಯಲ್ಲೇ ಬಿಟ್ಟು ಬಂದು, ಗೆಳೆಯನ ಕ್ಯಾಮೆರಾವನ್ನೇ ಸ್ಟ್ಯಾಂಡಿಗೆ ಏರಿಸಿದ್ದ. ಮೀಸೆಯನ್ನು ಹತ್ತಿರಕ್ಕೆ ಎಳೆದು ಫೋಕಸ್ ಮಾಡಿದ. ಹಿಂದಕ್ಕೆ ಸರಿಸಿ ಶವದ ಸುತ್ತ ಕುಳಿತಿದ್ದ ಮನೆಯ ಹನ್ನೊಂದು ಜನರನ್ನೂ ಸೇರಿಸಿದ. ಬೆರಳು ಗುಂಡಿಗೆ ಹೋಯಿತು.

“ತಡೀರಿ!” ಎಂದಳು ಅಕ್ಕುತಾಯಿ. “ಐಗಳಿ ಮದುವಿ ಮಾಡಾಕತ್ತೀರಿ ನೀವು. ಮತ್ತ ಫೋಕಸ್ ಮಾಡ್ರಿ.”

ಭಾವುಸಾಹೇಬ ಮತ್ತೆ ಕಣ್ಣು ಹಚ್ಚಿದ, ಒರೆಸಿಕೊಂಡ, ಮತ್ತೆ ಹಚ್ಚಿದ. “ನನ್ನ ಕೈಲೆ ಆಗವಲ್ದು, ವೈನಿ. ಕಣ್ಣಾಗ ನೀರ ನಿಂತಾವು. ಏನೂ ಕಾಣವಲ್ದು.”

ಅಕ್ಕುತಾಯಿ ಎದ್ದಳು.

“ಈಗೆಲ್ಲಿ ಹೊಂಟಿ ಬೇ?” ಎಂದು ಬಾಳಾಸಾಬನ ಅಕ್ಕ ಸೀತವ್ವ ಗದರಿದಳು.

“ಒಂದ ಮಿಂಟ, ಅಕ್ಕಾರ. ಅವರಿಗೇನ ಅವಸರ ಇಲ್ಲ.”

ಹೋಗಿ ಕ್ಯಾಮೆರಾಕ್ಕೆ ಕಣ್ಣು ಹಚ್ಚಿದಳು. ಗಂಡನ ಕೆಲಸಕ್ಕೆ ಕೈಗೂಡಿಸುತ್ತ ಈ ಲೆನ್ಸಿನಲ್ಲಿ ಅವಳು ಊರವರನ್ನೆಲ್ಲ ನೋಡಿದ್ದಳು. ಗಂಡನನ್ನು ನೋಡಿದ್ದು ಇದೇ ಮೊದಲು. ಫೋಕಸ್ ರಿಂಗನ್ನು ಮೆಲ್ಲಗೆ ತಿರುಗಿಸಿದಳು. ಬಿಳಿ ಮೀಸೆಯ ಕೂದಲು ಒಂದೊಂದೇ ಬಿಡಿಬಿಡಿಯಾಗಿ ನಿಂತವು. ಅಳುವೂ ನಗುವೂ ಅವಳಿಗೆ ಒಟ್ಟಿಗೇ ಬಂದವು.

“ಎಣಸಾಕ ಬರತಾವ,” ಎಂದಳು. “ಇನ್ನ ಏನೂ ಮುಟ್ಟಬ್ಯಾಡ್ರಿ. ಗುಂಡಿ ಅಷ್ಟ ಒತ್ರಿ.”

ಹೋಗಿ ಗಂಡನ ಪಕ್ಕ ಕುಳಿತು ಸೆರಗು ಸರಿಮಾಡಿಕೊಂಡಳು. ಪಡಸಾಲೆಯಲ್ಲಿ ಬೆಳಕು ಕಡಿಮೆ. ಶಟರ್ ಪೂರ್ತಿ ಒಂದು ಸೆಕೆಂಡು ತೆರೆದಿರಬೇಕಿತ್ತು, ಯಾರು ಅಲುಗಿದರೂ ಕೆಟ್ಟೀತು.

“ಎಲ್ಲಾರೂ ಉಸಿರ ಹಿಡೀರಿ,” ಎಂದ ಭಾವುಸಾಹೇಬ.

ಬಾಗಿಲಲ್ಲಿದ್ದ ಭಜನೆಯವರೂ ತಾಳ ನಿಲ್ಲಿಸಿದರು. ಗುಂಡಿ ಒತ್ತಿದ ಸದ್ದಾಯಿತು. ಆ ಒಂದು ಸೆಕೆಂಡು, ಆ ಪಡಸಾಲೆಯಲ್ಲಿ ಯಾರೂ ಉಸಿರಾಡಲಿಲ್ಲ.